ಪದ ಪರಿಚಯ: ಡಿಕ್ಲಾಸಿಫೈಡ್

ಗದಗಿನಿಂದ ನಮ್ಮ ಕಾಕಾ ವಾಟ್ಸಾಪ್‌ನಲ್ಲಿ ಒಂದು ಫೋಟೊ ಕಳಿಸಿದ್ದರು. ಇಂಗ್ಲಿಷಿನಲ್ಲಿ ಟೈಪ್ ಮಾಡಿದ ಹಾಳೆ, ನಡುನಡುವೆ ಸಾಲುಗಳ ಮೇಲೆ ಕಪ್ಪು ಪಟ್ಟಿ. ಕೆಳಗೆ ಯಾರೋ ಕನ್ನಡದಲ್ಲಿ ಬರೆದಿದ್ದರು: ‘ಅವಳಿ ಗೋಪುರ ಬೀಳಿಸಿದ್ದು ಯಾರು? ಡಿಕ್ಲಾಸಿಫೈಡ್ ದಾಖಲೆಯಿಂದ ಸತ್ಯ ಬಯಲು!’ ಹಿಂದೆಯೇ ಫೋನ್ ಬಂತು. “ಸರ್ಕಾರದ್ದ ಕಾಗದ ಐತಲ್ಲೋ ತಮ್ಮಾ, ಇನ್ನೇನ ಬೇಕು?”

ಕ್ಲಾಸಿಫೈಡ್ ಅಂದರೆ ಮೂಲದಲ್ಲಿ ‘ವರ್ಗ ಮಾಡಿದ್ದು’ ಅಷ್ಟೇ. ಪೇಪರಿನ ಸಣ್ಣ ಜಾಹೀರಾತಿಗೂ ಅದೇ ಹೆಸರಿದೆ. ಸರ್ಕಾರಿ ಕಾಗದದ ವಿಷಯದಲ್ಲಿ ಮಾತ್ರ ಅದು ‘ಗೌಪ್ಯ’, ‘ಅತಿ ಗೌಪ್ಯ’ ಎಂಬ ದರ್ಜೆ. ಆ ದರ್ಜೆ ತೆಗೆದು ಓದಲು ಬಿಟ್ಟರೆ ಕಾಗದ ಡಿಕ್ಲಾಸಿಫೈಡ್ ಆಯಿತು. ನಮ್ಮಲ್ಲೂ 2016ರ ಜನವರಿ 23ರಂದು ನೇತಾಜಿಯವರ 100 ಕಡತ ಹೀಗೇ ಹೊರಬಂದವು.

ಕಾಕಾಗೆ ನಾನು ಹೊಲದ ತಕರಾರಿನ ಉದಾಹರಣೆ ಕೊಟ್ಟೆ. ಬದುವಿನ ಜಗಳದಲ್ಲಿ ಎದುರಿನವರು ಕೊಟ್ಟ ಅರ್ಜಿಯ ನಕಲು ತೆಗೆಸುತ್ತೀರಿ. ಅದರ ಮೇಲೆ ಕಚೇರಿಯ ಸಿಕ್ಕಾ ಇರುತ್ತದೆ, ಸಹಿ ಇರುತ್ತದೆ. ಸಿಕ್ಕಾ ಹೇಳುವುದು ‘ಈ ನಕಲು ಖರೆ’ ಅಂತ. ಅರ್ಜಿಯಲ್ಲಿ ಬರೆದದ್ದು ಖರೆ ಅಂತಲ್ಲ. ಹಾಗಿದ್ದಿದ್ದರೆ ಎದುರಿನವರ ಅರ್ಜಿಗೇ ನೀವು ಹೊಲ ಬಿಟ್ಟುಕೊಡಬೇಕಿತ್ತು, ಅಲ್ವಾ?

2001ರ ಸೆಪ್ಟೆಂಬರ್ 11ರಂದು ನ್ಯೂಯಾರ್ಕಿನ ಅವಳಿ ಗೋಪುರವೂ ಸೇರಿ ಅಮೆರಿಕದ ಮೇಲೆ ನಡೆದ ವಿಮಾನ ದಾಳಿಯಲ್ಲಿ 2,977 ಜನ ಸತ್ತರು. ವಿಮಾನ ಅಪಹರಿಸಿದ 19 ಜನರಲ್ಲಿ 15 ಮಂದಿ ಸೌದಿ ಅರೇಬಿಯಾದವರು. 2002ರ ಕೊನೆಗೆ ಮುಗಿದ ಅಮೆರಿಕ ಸಂಸತ್ತಿನ ತನಿಖಾ ವರದಿಯಲ್ಲಿ ‘28 ಪುಟ’ಗಳನ್ನು ಮುಚ್ಚಿಟ್ಟರು. ಮುಚ್ಚಿಟ್ಟರೆ ಜನ ಊಹೆ ಮಾಡದೆ ಇರುತ್ತಾರಾ? ಹದಿಮೂರು ವರ್ಷಕ್ಕೂ ಜಾಸ್ತಿ ಊಹೆಯೇ ನಡೆಯಿತು. 2016ರ ಜುಲೈನಲ್ಲಿ ಅವು ಹೊರಬಂದವು. ಕೆಲವು ಅಪಹರಣಕಾರರಿಗೆ ಅಮೆರಿಕದಲ್ಲಿ ಯಾರ್‍ಯಾರ ನಂಟಿತ್ತು, ಅವರಲ್ಲಿ ಯಾರಿಗೆ ಸೌದಿ ಸರ್ಕಾರದ ಸಂಬಂಧ ಇದ್ದಿರಬಹುದು ಎಂಬ ಸುಳಿವುಗಳು ಅಲ್ಲಿದ್ದವು. ಈ ಸುಳಿವುಗಳ ನಿಜ ತೂಕ ಅಳೆಯುವುದು ನಮ್ಮ ಕೆಲಸವಾಗಿರಲಿಲ್ಲ ಎಂದು ಅದೇ ಪುಟಗಳಲ್ಲಿ ಸಮಿತಿ ಹೇಳಿತ್ತು. ಫಾರ್ವರ್ಡ್ ಮಾಡುವವರು ಬಿಟ್ಟುಬಿಡುವುದು ಈ ಮಾತನ್ನೇ.

ಕಟ್ಟಡಕ್ಕೆ ಒಳಗಿಂದಲೇ ಬಾಂಬ್ ಇಟ್ಟರು ಅನ್ನುವ ಸಂಚಿನ ಕಥೆಗೂ ಈ ಪುಟಗಳಿಗೂ ಸಂಬಂಧವಿಲ್ಲ. ಆ ಕಥೆ ಹೆಚ್ಚಾಗಿ ಜೋತುಬಿದ್ದಿರುವುದು ಅವಳಿ ಗೋಪುರದ ಹತ್ತಿರವೇ ಇದ್ದ 47 ಅಂತಸ್ತಿನ ‘ಏಳನೇ ಕಟ್ಟಡ’ಕ್ಕೆ. ವಿಮಾನ ಬಡಿಯದಿದ್ದರೂ ಅದು ಅವತ್ತು ಸಂಜೆ ಕುಸಿಯಿತು. ಗಂಟೆಗಟ್ಟಲೆ ಉರಿದ ಬೆಂಕಿಗೆ ಉಕ್ಕಿನ ತೊಲೆಗಳು ಹಿಗ್ಗಿ, ಒಂದು ಮುಖ್ಯ ಕಂಬ ಆಸರೆ ಕಳೆದುಕೊಂಡಿತು ಎಂದು 2008ರ ಸರ್ಕಾರಿ ತಾಂತ್ರಿಕ ವರದಿ ವಿವರಿಸಿದೆ. ಎರಡನ್ನೂ ಕಲಸಿ ಒಂದೇ ಮೆಸೇಜ್ ಮಾಡಿದರೆ ನಿಜವಾಗಿ ಕೇಳಬೇಕಾದ ಪ್ರಶ್ನೆ ಸತ್ತುಹೋಗುತ್ತದೆ. ಅದು ನನಗೆ ತುಂಬಾ ಸಂಕಟದ ಮಾತು. ಯಾಕಂದರೆ ಈ ಕಾಗದಗಳಿಗಾಗಿ ವರ್ಷಗಟ್ಟಲೆ ಹೋರಾಡಿದವರು ಸತ್ತವರ ಮನೆಯವರು. ಸೌದಿ ಸರ್ಕಾರದ ಮೇಲೆ ನ್ಯೂಯಾರ್ಕಿನ ಕೋರ್ಟಿನಲ್ಲಿ ದಾವೆ ಹೂಡಿದವರೂ ಅವರೇ. ಅವರ ಒತ್ತಾಯಕ್ಕೆ ಮಣಿದು 2021ರ ಸೆಪ್ಟೆಂಬರ್‌ನಲ್ಲಿ ಅಧ್ಯಕ್ಷ ಬೈಡನ್ ಆದೇಶ ಹೊರಡಿಸಿದ ಮೇಲೆ ಅಲ್ಲಿನ ತನಿಖಾ ಸಂಸ್ಥೆ ಎಫ್‌ಬಿಐ ಮೊದಲು ಬಿಟ್ಟದ್ದು 16 ಪುಟ.

ಕಾಕಾ ಕಳಿಸಿದ್ದು ಅದರದೇ ಒಂದು ಹಾಳೆ. “ಮ್ಯಾಲ ತಾರೀಖು ಏನೈತಿ ನೋಡ್ರಿ” ಅಂದೆ. ಚಷ್ಮಾ ಹಾಕಿಕೊಂಡು ಫೋಟೊ ದೊಡ್ಡದು ಮಾಡಿ ಓದಿದರು: ಏಪ್ರಿಲ್ 4, 2016. ದಾಳಿಯಾಗಿ ಹದಿನಾಲ್ಕು ವರ್ಷ ಕಳೆದಿತ್ತು. 2015ರಲ್ಲಿ ಒಬ್ಬ ಮನುಷ್ಯ ತನಿಖೆಯವರ ಮುಂದೆ ಕೊಟ್ಟ ಜವಾಬಿನ ಸಾರಾಂಶ ಅದರಲ್ಲಿತ್ತು.

“ಹಂಗಾರ ಈ ಕರೀ ಪಟ್ಟಿ ಕೆಳಗ ಏನೈತಿ?”

ಸುಳಿವು ಕೊಟ್ಟವರ ಹೆಸರು, ಅವರ ಗುರುತು ಹಿಡಿಯಬಹುದಾದ ವಿವರ, ತನಿಖೆಯ ಒಳದಾರಿ, ಇಂಥವನ್ನು ಮುಚ್ಚುತ್ತಾರೆ ಅಂದೆ. ಮುಜುಗರ ತರುವ ಸಂಗತಿಯನ್ನು ಬಚ್ಚಿಡಲು ಪಟ್ಟಿ ಎಳೆಯಬಾರದು ಅಂತ ಅಮೆರಿಕದ ನಿಯಮವೇ ಇದೆ. ಕಾಕಾ ಸ್ವಲ್ಪ ಹೊತ್ತು ಸುಮ್ನೆ ಇದ್ದರು. ಆಮೇಲೆ, “ಉಳದ ಹದಿನೈದೂ ಪುಟ ಕಳಸು, ಓದತೀನಿ” ಅಂದರು.