ಸೈಟ್ ಪಿನ್ ನಡುಗಿದರೆ ಮೊದಲು ಬಿಲ್ಲಿನ ಅಳತೆ ನೋಡಿ

ಬೇಟೆಯ ಬಿಲ್ಲು ಹಿಡಿದು ತರಬೇತಿಗೆ ಬರುವವರಲ್ಲಿ ಹೆಚ್ಚಿನವರ ದೂರು ಒಂದೇ: ಪೂರ್ತಿ ಸೆಳೆದ ಮೇಲೆ ಸೈಟ್ ಪಿನ್ (ಗುರಿ ನೋಡಲು ಬಿಲ್ಲಿಗೆ ಜೋಡಿಸಿದ ಸಣ್ಣ ಕಡ್ಡಿ) ಗುರಿಯ ಮೇಲೆ ನಿಲ್ಲುವುದಿಲ್ಲ, ತೋಳಿನ ಬಲ ಸಾಲದು. ಆದರೆ 60 ಪೌಂಡ್ ಸೆಳೆತದ, ಶೇ 80ರಷ್ಟು ಲೆಟ್-ಆಫ್ (ಪೂರ್ತಿ ಸೆಳೆದಾಗ ಭಾರ ಇಳಿಯುವ ಪ್ರಮಾಣ) ಇರುವ ಕಾಂಪೌಂಡ್ ಬಿಲ್ಲನ್ನು, ಅಂದರೆ ತುದಿಗಳಲ್ಲಿ ರಾಟೆಗಳಿರುವ ಬಿಲ್ಲನ್ನು, ಪೂರ್ತಿ ಸೆಳೆದ ಬಳಿಕ ಕೈ ತಡೆಯಬೇಕಾದ ಭಾರ 12 ಪೌಂಡ್ ಮಾತ್ರ. ಅಷ್ಟಕ್ಕೆ ಬಲ ಸಾಲದವರು ಅಪರೂಪ. ಆದ್ದರಿಂದ ನಾನು ನಡುಕದ ಮೂಲವನ್ನು ಮೊದಲು ಬಿಲ್ಲಿನ ಅಳತೆಯಲ್ಲಿ, ಆಮೇಲೆ ಹಿಡಿತದಲ್ಲಿ ಹುಡುಕುತ್ತೇನೆ.

ಇಲ್ಲಿ ಅಳತೆ ಎಂದರೆ ಡ್ರಾ ಲೆಂಗ್ತ್, ಹೆದೆಯನ್ನು ಎಷ್ಟು ಉದ್ದಕ್ಕೆ ಸೆಳೆಯಬೇಕು ಎಂಬುದು. ಎರಡೂ ತೋಳು ಚಾಚಿದಾಗ ಬೆರಳ ತುದಿಯಿಂದ ತುದಿಗೆ 70 ಇಂಚು ಬಂದರೆ, ಅದನ್ನು 2.5ರಿಂದ ಭಾಗಿಸಿದಾಗ ದೊರೆಯುವ 28 ಇಂಚು ಒಂದು ಅಂದಾಜು. ಕೊನೆಯ ತೀರ್ಮಾನ ಬಿಲ್ಲು ಸೆಳೆದು ನಿಂತವರ ಮೈ ನೋಡಿಯೇ ಆಗಬೇಕು. ಅರ್ಧ ಇಂಚು ಹೆಚ್ಚಾದರೂ ತಲೆ ಹಿಂದಕ್ಕೆ ವಾಲುತ್ತದೆ, ಬಿಲ್ಲು ಹಿಡಿದ ಕಡೆಯ ಭುಜ ಕಿವಿಯತ್ತ ಏರುತ್ತದೆ, ಮೂಳೆಗಳ ಮೇಲೆ ನೇರವಾಗಿ ಕೂರಬೇಕಾದ ಭಾರ ಭುಜದ ಸಣ್ಣ ಸ್ನಾಯುಗಳ ಮೇಲೆ ಬಿದ್ದು ಅವು ಕೆಲವೇ ಸೆಕೆಂಡುಗಳಲ್ಲಿ ದಣಿಯುತ್ತವೆ. ಉದ್ದ ಹೆಚ್ಚಿಸಿದರೆ ಬಾಣದ ವೇಗ ಹೆಚ್ಚುತ್ತದೆ ಎಂಬುದು ನಿಜವೇ, ಇಂಚಿಗೆ ಸೆಕೆಂಡಿಗೆ ಸುಮಾರು 10 ಅಡಿ. ಆದರೆ ಆ ವೇಗಕ್ಕಾಗಿ ಸ್ಥಿರತೆಯನ್ನು ಬಿಟ್ಟುಕೊಡುವುದನ್ನು ನಾನು ಯಾರಿಗೂ ಸಲಹೆ ಮಾಡುವುದಿಲ್ಲ. ಸೆಳೆತದ ತೂಕಕ್ಕೂ ಒಂದು ಸರಳ ಪರೀಕ್ಷೆಯಿದೆ: ಕುರ್ಚಿಯಲ್ಲಿ ಕುಳಿತು, ಪಾದಗಳನ್ನು ನೆಲದಿಂದ ಎತ್ತಿ, ಬಿಲ್ಲನ್ನು ಆಕಾಶದತ್ತ ಎತ್ತದೆ ನೇರವಾಗಿ ಸೆಳೆಯಲಾಗದಿದ್ದರೆ ಆ ತೂಕ ನಿಮಗೆ ಹೆಚ್ಚು.

ಹಿಡಿತದ ವಿಷಯದಲ್ಲಿ ನಾನು ಸ್ವಲ್ಪ ಹಟಮಾರಿ. 'ನಿಲ್ಲಿ' ಎಂದು ಅಂಗೈ ತೋರಿಸುವಂತೆ ಕೈ ಚಾಚಿ, ಬೆರಳ ಗೆಣ್ಣುಗಳು ಸುಮಾರು 45 ಡಿಗ್ರಿ ಓರೆಯಾಗುವಷ್ಟು ತಿರುಗಿಸಿ. ಬಿಲ್ಲಿನ ಹಿಡಿ ಹೆಬ್ಬೆರಳ ಬುಡದ ಉಬ್ಬಿನ ಮೇಲೆ ಒತ್ತಬೇಕು. ಅಂಗೈಯ ಜೀವರೇಖೆಯನ್ನು ದಾಟಿ ಕಿರುಬೆರಳಿನ ಕಡೆಗೆ ಹೋಗಬಾರದು. ಬೆರಳುಗಳು ಸಡಿಲವಾಗಿರಲಿ, ಬಿಲ್ಲು ಬೀಳದಂತೆ ಮಣಿಕಟ್ಟಿನ ಪಟ್ಟಿ ಕಾಯುತ್ತದೆ. ಇತ್ತೀಚೆಗೆ ಒಬ್ಬ ಶಿಷ್ಯೆಯ ಬಾಣಗಳು ಒಂದೇ ಸಮನೆ ಎಡಕ್ಕೆ ಬೀಳುತ್ತಿದ್ದವು. ಹತ್ತಿರ ನಿಂತು ಗಮನಿಸಿದಾಗ, ರಿಲೀಸ್ (ಹೆದೆಯನ್ನು ಹಿಡಿದು ಬಿಡುವ, ಟ್ರಿಗರ್ ಇರುವ ಸಾಧನ) ಒತ್ತುವ ಕ್ಷಣದಲ್ಲೇ ಆಕೆಯ ಬೆರಳ ಗೆಣ್ಣುಗಳು ಬೆಳ್ಳಗಾಗುತ್ತಿದ್ದವು. ಮುಷ್ಟಿ ಬಿಗಿದಾಗ ಬಿಲ್ಲು ಕೂದಲೆಳೆಯಷ್ಟು ತಿರುಗುತ್ತದೆ, ಆ ಕೂದಲೆಳೆಯೂ ಕಡಿಮೆಯಲ್ಲ: ಪೀಪ್‌ನಿಂದ (ಹೆದೆಯಲ್ಲಿ ಕೂರಿಸಿದ, ಕಣ್ಣಿಟ್ಟು ನೋಡುವ ರಂಧ್ರ) ಪಿನ್‌ಗೆ ಸುಮಾರು 80 ಸೆಂ.ಮೀ. ಅಂತರವಿದ್ದರೆ, ಪಿನ್ನಿನ ಒಂದು ಮಿಲಿಮೀಟರ್ ತಪ್ಪು 20 ಮೀಟರ್ ದೂರದಲ್ಲಿ 25 ಮಿಲಿಮೀಟರ್ ಆಗುತ್ತದೆ.

ಇಷ್ಟೆಲ್ಲ ಸರಿಯಾದ ಮೇಲೂ ಪಿನ್ ಸಂಪೂರ್ಣವಾಗಿ ನಿಲ್ಲುವುದಿಲ್ಲ, ನಿಲ್ಲಬೇಕಾಗಿಯೂ ಇಲ್ಲ. ಅದು ಗುರಿಯ ಸುತ್ತ ಸಣ್ಣದಾಗಿ ತೇಲಾಡಲಿ. ಅದನ್ನು ಬಲವಂತವಾಗಿ ತಡೆಯಲು ಹೋದವರು, ಪಿನ್ ನಡುವಿಗೆ ಬಂದ ತಕ್ಷಣ ಟ್ರಿಗರನ್ನು ಚುಚ್ಚಿಬಿಡುವ ಚಟಕ್ಕೆ ಬೀಳುತ್ತಾರೆ. ಬಿಲ್ಲುಗಾರರು ಟಾರ್ಗೆಟ್ ಪ್ಯಾನಿಕ್ ಎನ್ನುವ ಈ ರೋಗ ಒಮ್ಮೆ ಅಂಟಿದರೆ ಬಿಡಿಸುವುದು ಕಷ್ಟ. ಬೆನ್ನಿನ ಸ್ನಾಯುಗಳಿಂದ ಮೊಣಕೈಯನ್ನು ನಿಧಾನವಾಗಿ ಹಿಂದಕ್ಕೆ ಎಳೆಯುತ್ತಿರಿ, ಬಾಣ ಹೊರಟದ್ದು ನಿಮಗೇ ಅನಿರೀಕ್ಷಿತ ಎನಿಸಬೇಕು. ಇದನ್ನು ಕಲಿಯಲು, ಟಾರ್ಗೆಟ್‌ನ ಹಿಂದೆ ಯಾರೂ ಇಲ್ಲದ ಸುರಕ್ಷಿತ ಜಾಗದಲ್ಲಿ ಎರಡು ಮೂರು ಮೀಟರ್ ದೂರಕ್ಕೆ ದೊಡ್ಡ ಟಾರ್ಗೆಟ್ ಇಟ್ಟು, ಅದರ ಮೇಲೆ ಗುರುತು ಹಾಕದೆ, ಬಾಣ ಟಾರ್ಗೆಟ್‌ನತ್ತ ನೇರವಾಗಿರುವುದನ್ನು ಖಚಿತಪಡಿಸಿಕೊಂಡ ಬಳಿಕ ಕಣ್ಣು ಮುಚ್ಚಿ ಬಿಡುವ ಅಭ್ಯಾಸದಷ್ಟು ಪ್ರಯೋಜನಕಾರಿಯಾದುದನ್ನು ನಾನು ಕಂಡಿಲ್ಲ.

ಸ್ಟೆಬಿಲೈಸರ್ (ಬಿಲ್ಲಿಗೆ ಜೋಡಿಸುವ ತೂಕದ ದಂಡ) ಕೊಳ್ಳುವ ಯೋಚನೆ ಇದಾದ ಮೇಲೆ ಬರಲಿ. ಅದು ಬಿಲ್ಲಿನ ತಿರುಗುವಿಕೆಯನ್ನು ನಿಧಾನಿಸುತ್ತದೆ. ತಪ್ಪು ಅಳತೆಯನ್ನು ಸರಿಪಡಿಸುವುದಿಲ್ಲ.

ಬೇಟೆಯಲ್ಲಿ ಮೈ ಬಿಸಿ ಮಾಡಿಕೊಳ್ಳಲು ಹತ್ತು ಬಾಣಗಳ ಅವಕಾಶವಿರುವುದಿಲ್ಲ, ಗುರಿ ತಪ್ಪಿದ ಬಾಣವೊಂದು ಪ್ರಾಣಿಯನ್ನು ದಿನಗಟ್ಟಲೆ ನರಳಿಸಬಲ್ಲದು. ಆದ್ದರಿಂದ ಋತುವಿಗೆ ಮೊದಲಿನ ವಾರಗಳಲ್ಲಿ ಪ್ರತಿದಿನ ಬೇಟೆಯ ಉಡುಪಿನಲ್ಲೇ, ಯಾವ ತಯಾರಿಯೂ ಇಲ್ಲದೆ, ಮೊದಲ ಬಾಣವನ್ನು ಬಿಟ್ಟು ಅದು ಬಿದ್ದ ಜಾಗವನ್ನು ಬರೆದಿಡಿ. ಆ ಒಂಟಿ ಬಾಣಗಳು ಎಷ್ಟು ದೂರದವರೆಗೆ ಅಂಗೈಯಗಲದ ಒಳಗೆ ಬೀಳುತ್ತವೆಯೋ ಅಷ್ಟೇ ನಿಮ್ಮ ಬೇಟೆಯ ದೂರ.