ಇಗರ್ಜಿಗೆ ಎರಡು ವಯಸ್ಸು

ಕರಾವಳಿಯ ಹಳ್ಳಿ ಇಗರ್ಜಿಗಳ (ಚರ್ಚುಗಳ) ದುರಸ್ತಿಗೆ ಹೋದಾಗಲೆಲ್ಲ ನಾನು ಮೊದಲು ಕೇಳುವುದು, ‘ಇದಕ್ಕೆ ಎಷ್ಟು ವರ್ಷ?’ ಕಟ್ಟಡ ನೂರು ದಾಟಿರುತ್ತದಷ್ಟೆ, ಹಿರಿಯರು ಇನ್ನೂರೈವತ್ತು ಅನ್ನುತ್ತಾರೆ. ಮೊದಮೊದಲು ಇದು ಊರಭಿಮಾನದ ಉಬ್ಬರ ಅಂದುಕೊಂಡಿದ್ದೆ. ಆದರೆ ಅವರು ಲೆಕ್ಕ ಹಾಕುತ್ತಿದ್ದುದು ಗೋಡೆಯನ್ನಲ್ಲ, ಫಿರ್ಗಜನ್ನು, ಅಂದರೆ ಆ ಇಗರ್ಜಿಗೆ ಸೇರಿದ ಒಕ್ಕಲನ್ನು.

ಕಾರ್ಕಳದ ಅತ್ತೂರನ್ನೇ ನೋಡಿ. ಸಂತ ಲಾರೆನ್ಸರ ಹೆಸರಿನ ಈ ಫಿರ್ಗಜ್ ಹುಟ್ಟಿದ್ದು 1759ರಲ್ಲಿ, ಅದೂ ಈಗಿನ ಜಾಗದಲ್ಲಲ್ಲ. 1784ರಲ್ಲಿ ಟಿಪ್ಪು ಕರಾವಳಿಯ ಕಥೊಲಿಕರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದಾಗ ಇಗರ್ಜಿಯೂ ನಾಶವಾಯಿತು. 1799ರಲ್ಲಿ ಟಿಪ್ಪು ಸತ್ತ ನಂತರ ಬದುಕುಳಿದವರು ಮರಳಿದರು. 1801ರಲ್ಲಿ ಎದ್ದದ್ದು ಮುಳಿಹುಲ್ಲಿನ ಮಾಡಿನ (ಚಾವಣಿಯ) ಇಗರ್ಜಿ. ಜಾಗ ಹುಡುಕುತ್ತಾ ಹೊರಟವರು ಪರ್ಪಲೆ ಗುಡ್ಡೆಯ ಬುಡದಲ್ಲಿ ನೀರು ಕುಡಿಯಲು ನಿಂತರಂತೆ, ಕೆಳಗಿಟ್ಟ ಲಾರೆನ್ಸರ ಅಡಿಯೆತ್ತರದ ಮರದ ಮೂರ್ತಿ ಮತ್ತೆ ಮೇಲೇಳಲಿಲ್ಲವಂತೆ. 1839ರಲ್ಲಿ ಇನ್ನೊಂದು ಕಟ್ಟಡ, 1900ರ ಹೊತ್ತಿಗೆ ಮತ್ತೊಂದು. 2016ರಲ್ಲಿ ಬಸಿಲಿಕ ಪದವಿ, ಅಂದರೆ ಪೋಪರು ಇಗರ್ಜಿಗೆ ಕೊಡುವ ವಿಶೇಷ ಗೌರವ.

ಈ ಕಾಲಮಾನ ಮಾಡಿನಲ್ಲೂ ಓದಲು ಸಿಗುತ್ತದೆ. ಪ್ರೊಟೆಸ್ಟೆಂಟರ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ. ಹಾಗಾಗಿ ಯಾವುದೇ ಇಗರ್ಜಿಯಲ್ಲಿ ಹೆಂಚಿನ ಬೆನ್ನಿನ ಮುದ್ರೆ ನೋಡಿದರೆ ಮಾಡು ಅದಕ್ಕಿಂತ ಈಚಿನದೆಂದು ಗೊತ್ತಾಗುತ್ತದೆ. (ಪ್ರೊಟೆಸ್ಟೆಂಟರ ಹೆಂಚು ಕಥೊಲಿಕರ ಪೀಠದ ಮೇಲೆ ಮಳೆ ತಡೆದ ಸಂಗತಿ ನನಗೆ ಯಾವತ್ತೂ ಖುಷಿ ಕೊಡುತ್ತದೆ.) ಗೋಡೆ ಮಾತ್ರ ಮುರಕಲ್ಲಿನದು (ಕರಾವಳಿಯ ಕೆಂಪುಕಲ್ಲು). ಅದು ಮಳೆಗಾಲದಲ್ಲಿ ನೀರು ಹೀರಿ ಬೇಸಿಗೆಯಲ್ಲಿ ಬಿಡುತ್ತದೆ. ಸುಣ್ಣದ ಗಾರೆ ಈ ಉಸಿರಾಟಕ್ಕೆ ಅಡ್ಡಿ ಮಾಡುವುದಿಲ್ಲ. ಒಂದೂರಿನಲ್ಲಿ ‘ಗಟ್ಟಿಯಾಗಲಿ’ ಎಂದು ಸಿಮೆಂಟು ಮೆತ್ತಿಸಿದ್ದರು. ಒಳಗೆ ಸಿಕ್ಕಿಬಿದ್ದ ತೇವ ಉಪ್ಪು ಕಾರಿ, ಎರಡೇ ಮಳೆಗಾಲದಲ್ಲಿ ಬಣ್ಣ ಹಪ್ಪಳದ ಹಾಗೆ ಎದ್ದಿತು. ಅದನ್ನು ಕೆತ್ತಿಸಲು ಹಾಕಿಸಿದ್ದಕ್ಕಿಂತ ಹೆಚ್ಚು ಖರ್ಚಾಯಿತು.

ಹಣ, ಆಳು ಎರಡೂ ಬರುವುದು ವಾಳೆಗಳಿಂದ. ಫಿರ್ಗಜನ್ನು ಮನೆಗಳ ಗುಂಪುಗಳಾಗಿ ಹಂಚಿ, ಪ್ರತಿ ವಾಳೆಗೊಬ್ಬ ಗುರ್ಕಾರ, ಅಂದರೆ ಮುಖಂಡ, ಇರುತ್ತಾನೆ. ನನ್ನ ನಕ್ಷೆ ವಿಗಾರರ (ಫಿರ್ಗಜಿನ ಪಾದ್ರಿಯ) ಮೇಜಿಗಿಂತ ಹೆಚ್ಚು ಪರೀಕ್ಷೆಗೊಳಗಾಗುವುದು ಇವರ ಮುಂದೆ. ಮಾಡು ಹೊರುವ ಪಕ್ಕಾಸು ಹಲಸಿನದಾಗಲಿ, ಹೆಂಚು ಕೂರುವ ರೀಪಿಗೆ ಯಾವ ಮರ, ಎಲ್ಲಕ್ಕೂ ಅಭಿಪ್ರಾಯವುಂಟು, ಬಹುಪಾಲು ಸರಿಯಾದದ್ದೇ.

ಕೆಲಸದ ವೇಳಾಪಟ್ಟಿ ಹಾಕುವುದು ಹಬ್ಬಗಳು. ಲಾರೆನ್ಸರ ದಿನ ಪಂಚಾಂಗದಲ್ಲಿ ಆಗಸ್ಟ್ 10, ಜಡಿಮಳೆ. ಅತ್ತೂರಿನ ದೊಡ್ಡ ಜಾತ್ರೆ ಜನವರಿಯಲ್ಲಿ. ಹರಕೆಯ ಮೊಂಬತ್ತಿ ಹಿಡಿದು ಎಲ್ಲ ಜಾತಿ ಮತದವರೂ ಬರುವ ಹಬ್ಬ ಅದು. ಸೆಪ್ಟೆಂಬರ್ 8ರ ಮೊಂತಿ ಫೆಸ್ತಿಗೆ, ಅಂದರೆ ಮರಿಯಮ್ಮನ ಹುಟ್ಟುಹಬ್ಬಕ್ಕೆ, ಮಕ್ಕಳು ಒಂಬತ್ತು ದಿನ ಮರಿಯಮ್ಮನಿಗೆ ಹೂ ಹಾಕುತ್ತಾರೆ. ಹಬ್ಬದ ದಿನ ಆಶೀರ್ವದಿಸಿದ ತೆನೆ ಮನೆಮನೆಗೆ ಹೋಗುತ್ತದೆ, ಅದರ ಅಕ್ಕಿ ಹಾಲಿಗೋ ಪಾಯಸಕ್ಕೋ ಬಿದ್ದು ಮನೆಮಂದಿಗೆಲ್ಲ ಹಂಚಿಕೆಯಾಗುತ್ತದೆ. ಹೀಗಾಗಿ ಜನವರಿಯಲ್ಲಿ ಹಬ್ಬ ಮುಗಿಯುವ ಊರುಗಳಲ್ಲಿ ಮಾಡು ಬಿಚ್ಚಲು ನನಗೆ ಉಳಿಯುವುದು ಫೆಬ್ರವರಿಯಿಂದ ಮೇ ತನಕದ ನಾಲ್ಕು ತಿಂಗಳು. ಅಷ್ಟು ದಿನ ಪೂಜೆ ಅಂಗಳದ ಚಪ್ಪರದಲ್ಲಿ, ಮಡಲಿನ (ತೆಂಗಿನ ಗರಿಯ) ಮಾಡಿನ ಕೆಳಗೆ.