ದಾವೆ ಹೂಡುವುದೇ ವ್ಯಾಪಾರವಾದಾಗ

ಅಮೆರಿಕದ ಕೃತಿಸ್ವಾಮ್ಯ ಕಾಯಿದೆಯಡಿ, ಸಕಾಲದಲ್ಲಿ ನೋಂದಣಿ ಮಾಡಿಸಿದ ಕೃತಿಯ ಒಡೆಯನು ತನಗಾದ ನಷ್ಟವನ್ನು ಲೆಕ್ಕ ಹಾಕಿ ರುಜುವಾತುಪಡಿಸಬೇಕಾಗಿಲ್ಲ. ಕೃತಿಯೊಂದಕ್ಕೆ 750ರಿಂದ 30,000 ಡಾಲರ್‌ವರೆಗೆ, ಉಲ್ಲಂಘನೆ ಉದ್ದೇಶಪೂರ್ವಕವಾಗಿದ್ದರೆ 1,50,000 ಡಾಲರ್‌ವರೆಗೆ ನ್ಯಾಯಾಲಯವು ಪರಿಹಾರ ಕೊಡಿಸಬಹುದು. ಕೈಯಲ್ಲಿ ಲೆಕ್ಕಪತ್ರವಿಲ್ಲದ ಲೇಖಕನಿಗೆ ಆಸರೆಯಾಗುವ ಈ ಏರ್ಪಾಡೇ, 2010ರಲ್ಲಿ ಲಾಸ್ ವೇಗಸ್‌ನಲ್ಲಿ ಹುಟ್ಟಿದ ರೈಟ್‌ಹೇವನ್ ಎಂಬ ಕಂಪನಿಗೆ ಬಂಡವಾಳವಾಯಿತು.

ರೈಟ್‌ಹೇವನ್ ಪತ್ರಿಕೆಯನ್ನೂ ನಡೆಸುತ್ತಿರಲಿಲ್ಲ, ಪುಸ್ತಕವನ್ನೂ ಪ್ರಕಟಿಸುತ್ತಿರಲಿಲ್ಲ. ಲಾಸ್ ವೇಗಸ್ ರಿವ್ಯೂ-ಜರ್ನಲ್ ಪತ್ರಿಕೆಯ ಬರಹವನ್ನು ಯಾರಾದರೂ ಜಾಲತಾಣದಲ್ಲಿ ನಕಲಿಸಿದ್ದು ಕಂಡರೆ, ಪತ್ರಿಕೆಯ ಒಡೆತನ ಹೊಂದಿದ್ದ ಸ್ಟೀಫನ್ಸ್ ಮೀಡಿಯಾದಿಂದ ಆ ಬರಹದ ಹಕ್ಕನ್ನು ತನ್ನ ಹೆಸರಿಗೆ ಬರೆಸಿಕೊಂಡು, ಅದನ್ನು ತೆಗೆದುಹಾಕಿರೆಂಬ ನೋಟಿಸನ್ನೂ ಕಳುಹಿಸದೆ ದಾವೆ ಹೂಡುತ್ತಿತ್ತು. ಭಾರಿ ಪರಿಹಾರದ ಜೊತೆಗೆ ಪ್ರತಿವಾದಿಯ ಡೊಮೈನ್ ಹೆಸರನ್ನೂ (ಜಾಲತಾಣದ ವಿಳಾಸ) ತನಗೆ ವರ್ಗಾಯಿಸಬೇಕೆಂದು ಕೇಳುತ್ತಿತ್ತು. ಕಾಯಿದೆಯಲ್ಲಿ ಅಂಥ ಪರಿಹಾರಕ್ಕೆ ಅವಕಾಶವೇ ಇರಲಿಲ್ಲ. ವಕೀಲರನ್ನಿಟ್ಟು ಕೊನೆಯವರೆಗೆ ಹೋರಾಡುವ ಖರ್ಚು ರಾಜಿಗೆ ಕೇಳುವ ಕೆಲವು ಸಾವಿರ ಡಾಲರ್‌ಗಿಂತ ಎಷ್ಟೋ ಪಟ್ಟು ಹೆಚ್ಚಾಗಿರುವಾಗ, ತಪ್ಪು ಮಾಡದವನಿಗೂ ರಾಜಿಯೇ ಅಗ್ಗವೆನಿಸುತ್ತದೆ. ಕಂಪನಿಯ ಲಾಭವೆಲ್ಲ ಈ ಅಂತರದಲ್ಲಿಯೇ ಇತ್ತು. ಹೀಗೆ ಸುಮಾರು 275 ದಾವೆಗಳು ಹೂಡಲ್ಪಟ್ಟವು.

ಡೆಮಾಕ್ರಟಿಕ್ ಅಂಡರ್‌ಗ್ರೌಂಡ್ ಎಂಬ ಜಾಲತಾಣ ರಾಜಿಗೆ ಒಪ್ಪದೆ, ಅಂತರಜಾಲ ಬಳಕೆದಾರರ ಹಕ್ಕುಗಳಿಗಾಗಿ ಹೋರಾಡುವ ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್ನಿನ ವಕೀಲರ ನೆರವಿನಿಂದ ಎದುರು ನಿಂತಿತು. ಆಗ ಎರಡು ಕಂಪನಿಗಳ ನಡುವಿನ ಒಪ್ಪಂದ ಹೊರಬಿತ್ತು: ಬರಹವನ್ನು ಬಳಸುವ ಹಕ್ಕೆಲ್ಲ ಸ್ಟೀಫನ್ಸ್ ಮೀಡಿಯಾದಲ್ಲಿಯೇ ಉಳಿದು, ರೈಟ್‌ಹೇವನ್‌ಗೆ ದಕ್ಕಿದ್ದು ದಾವೆ ಹೂಡುವ ಹಕ್ಕು ಮಾತ್ರ, ಬಂದ ಹಣದಲ್ಲಿ ಖರ್ಚು ಕಳೆದು ಇಬ್ಬರಿಗೂ ಅರ್ಧರ್ಧ ಪಾಲು. ಕೃತಿಯ ಒಡೆತನವಿಲ್ಲದೆ ಬರೀ ದಾವೆಯ ಹಕ್ಕನ್ನು ಕೊಳ್ಳಲಾಗದೆಂದು ಲಾಸ್ ವೇಗಸ್ ಸೇರಿದ ವ್ಯಾಪ್ತಿಯ ಮೇಲ್ಮನವಿ ನ್ಯಾಯಾಲಯ 2005ರಲ್ಲಿಯೇ ಹೇಳಿತ್ತು. 2011ರ ಜೂನ್‌ನಲ್ಲಿ ನ್ಯಾಯಾಧೀಶ ರೋಜರ್ ಹಂಟ್ ಇದೇ ಆಧಾರದ ಮೇಲೆ ದಾವೆಯನ್ನು ತಳ್ಳಿಹಾಕಿದರು; ಹಣದಲ್ಲಿ ಪಾಲುಳ್ಳವರ ಹೆಸರನ್ನು ಮುಚ್ಚಿಟ್ಟದ್ದಕ್ಕೆ ಮರುತಿಂಗಳು 5,000 ಡಾಲರ್ ದಂಡವನ್ನೂ ವಿಧಿಸಿದರು.

ದಂಡದ ಮೊತ್ತ ಸಣ್ಣದು. ಕಂಪನಿಯನ್ನು ಮುಳುಗಿಸಿದ್ದು, ಗೆದ್ದವರ ವಕೀಲರ ಶುಲ್ಕವನ್ನು ಸೋತವರಿಂದ ಕೊಡಿಸಲು ನ್ಯಾಯಾಲಯಕ್ಕೆ ಅಧಿಕಾರ ನೀಡುವ ಕಲಮು. ಪತ್ರಿಕೆಯ ಬರಹವೊಂದನ್ನು ಚರ್ಚೆಗಾಗಿ ಹಂಚಿಕೊಂಡು, ದಾವೆಗೆ ಗುರಿಯಾಗಿ ಗೆದ್ದಿದ್ದ ಒಬ್ಬ ಓದುಗನಿಗೆ ಕೊಡಬೇಕಾಗಿ ಬಂದ 34,000 ಡಾಲರ್‌ಗೂ ಮಿಕ್ಕಿದ ಶುಲ್ಕವನ್ನು ರೈಟ್‌ಹೇವನ್ ಕಟ್ಟಲಿಲ್ಲ. ಆಸ್ತಿಯ ವಿಲೇವಾರಿಗೆ ನ್ಯಾಯಾಲಯದಿಂದ ರಿಸೀವರ್ (ಮೇಲ್ವಿಚಾರಕ) ನೇಮಕವಾಗಿ, ಕಂಪನಿಯ ಡೊಮೈನ್ ಹೆಸರೇ 3,300 ಡಾಲರ್‌ಗೆ ಹರಾಜಾಯಿತು. ದಾವೆ ಹೂಡುವ ಅರ್ಹತೆ ಇರಲಿಲ್ಲವೆಂಬ ತೀರ್ಮಾನವನ್ನು ಮೇಲ್ಮನವಿ ನ್ಯಾಯಾಲಯ 2013ರಲ್ಲಿ ಎತ್ತಿಹಿಡಿಯಿತು.

ಪ್ರೆಂಡಾ ಲಾ ಎಂಬ ವಕೀಲರ ಗುಂಪಿನ ಪಾಡು ಇನ್ನೂ ಘೋರ. ಅಶ್ಲೀಲ ಚಿತ್ರಗಳನ್ನು ತಾವೇ ಜಾಲದಲ್ಲಿ ಹರಿಯಬಿಟ್ಟು, ಇಳಿಸಿಕೊಂಡವರ ಮೇಲೆ ದಾವೆ ಹೂಡಿ, ಮರ್ಯಾದೆಯ ಭಯ ಹುಟ್ಟಿಸಿ ಲಕ್ಷಾಂತರ ಡಾಲರ್ ಕಿತ್ತ ಅದರ ಇಬ್ಬರು ವಕೀಲರಿಗೆ 2019ರಲ್ಲಿ ಕ್ರಮವಾಗಿ 14 ಮತ್ತು 5 ವರ್ಷಗಳ ಸೆರೆವಾಸವಾಯಿತು. ಇಷ್ಟಾದರೂ ಬೆದರಿ ಹಣ ತೆತ್ತವರೆಲ್ಲರ ನಷ್ಟ ತುಂಬಿಬಂದಿತೆಂದು ನನಗೆ ಅನ್ನಿಸುವುದಿಲ್ಲ.

ಭಾರತದ 1957ರ ಕೃತಿಸ್ವಾಮ್ಯ ಕಾಯಿದೆಯ 60ನೆಯ ಕಲಮಿನ ಪ್ರಕಾರ, ಆಧಾರವಿಲ್ಲದ ಕೃತಿಸ್ವಾಮ್ಯದ ಬೆದರಿಕೆಗೆ ಗುರಿಯಾದವರೇ ನ್ಯಾಯಾಲಯಕ್ಕೆ ಹೋಗಿ ತಡೆಯಾಜ್ಞೆಯನ್ನೂ ನಷ್ಟಪರಿಹಾರವನ್ನೂ ಕೇಳಬಹುದು. ಆದರೆ ಬೆದರಿಸಿದವನು ತಡಮಾಡದೆ ದಾವೆ ಹೂಡಿ ನಡೆಸಿದರೆ ಈ ರಕ್ಷಣೆ ಅನ್ವಯಿಸುವುದಿಲ್ಲ.